ಹಿಮಕರಡಿಯೂ ನಮ್ಮ ಕರಡಿಯೂ: ಆಹಾರಕ್ಕೂ ದೇಹರಚನೆಗೂ ಇರುವ ಸಂಬಂಧ

ಬೀದರ, ಭಾಲ್ಕಿ, ಔರಾದಗಳಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಉತ್ತರಧ್ರುವದ ಹಿಮಕರಡಿಯು ಕೇವಲ ಪಠ್ಯಪುಸ್ತಕದ ಪ್ರಾಣಿಯಾಗಿ ತೋರುವುದು ಸಹಜ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವ ಈ ಪ್ರಸ್ಥಭೂಮಿಗೂ ಹೆಪ್ಪುಗಟ್ಟಿದ ಸಮುದ್ರಕ್ಕೂ ಏನು ಸಂಬಂಧ? ಆದರೆ ಹಿಮಕರಡಿಯ ಕುಟುಂಬಕ್ಕೇ ಸೇರಿದ ಮತ್ತೊಂದು ಪ್ರಾಣಿಯು ಕರ್ನಾಟಕದ ಬಂಡೆಗುಡ್ಡಗಳಲ್ಲಿ ವಾಸಿಸುತ್ತಿದೆ. ಇವೆರಡನ್ನೂ ಜೊತೆಯಲ್ಲಿಟ್ಟು ನೋಡಿದರೆ, ಪ್ರಾಣಿಯ ಆಹಾರವು ಅದರ ದೇಹವನ್ನೂ ಜೀವನಕ್ರಮವನ್ನೂ ಹೇಗೆ ರೂಪಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಇಂದು ಜೀವಿಸಿರುವ ಕರಡಿಗಳಲ್ಲಿ ಎಂಟು ಜಾತಿಗಳಿವೆ. ಇವುಗಳಲ್ಲಿ ಹೆಚ್ಚಿನವು ಸಸ್ಯ, ಮಾಂಸಗಳೆರಡನ್ನೂ ತಿನ್ನುವಂಥವು. ಹಿಮಕರಡಿಯೊಂದೇ ಬಹುಮಟ್ಟಿಗೆ ಮಾಂಸಾಹಾರಿ. ಅದರ ಮುಖ್ಯ ಆಹಾರ ಸೀಲ್ ಎಂಬ ಕಡಲಪ್ರಾಣಿ. ಅದರಲ್ಲಿಯೂ ಆ ಪ್ರಾಣಿಯ ಕೊಬ್ಬು. ಸೀಲ್ ಉಸಿರಾಟಕ್ಕಾಗಿ ಹಿಮದ ಹಾಸಿನಲ್ಲಿರುವ ರಂಧ್ರಗಳಿಗೆ ಬರುತ್ತದೆ. ಕರಡಿಯು ಆ ರಂಧ್ರದ ಬಳಿ ನಿಶ್ಚಲವಾಗಿ ಕಾಯುತ್ತದೆ. ತೆರೆದ ನೀರಿನಲ್ಲಿ ಈಜಿ ಸೀಲನ್ನು ಹಿಡಿಯುವುದು ಅದಕ್ಕೆ ಬಲು ಅಪರೂಪ. ಆದುದರಿಂದ ಹಿಮದ ಹಾಸು ಕರಡಿಗೆ ನೆಲವೂ ಹೌದು, ಬೇಟೆಯ ಸಾಧನವೂ ಹೌದು. ಬಿಳಿಯಾಗಿ ಕಾಣುವ ಅದರ ರೋಮಗಳಿಗೆ ವಸ್ತುತಃ ಬಣ್ಣವಿಲ್ಲ. ಅವುಗಳ ಕೆಳಗಿನ ಚರ್ಮವು ಕಪ್ಪು. ಚರ್ಮದಡಿಯ ದಪ್ಪ ಕೊಬ್ಬಿನ ಪದರವು ಶೀತದಿಂದ ರಕ್ಷಣೆಯನ್ನೂ ಉಪವಾಸಕಾಲಕ್ಕೆ ಸಂಚಿತ ಆಹಾರವನ್ನೂ ಒದಗಿಸುತ್ತದೆ.

ನಮ್ಮ ಕರಡಿಯ ಕಥೆ ಬೇರೆ. 1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಇದರ ಉದ್ದವಾದ ಉಗುರುಗಳನ್ನೂ ಹಲ್ಲಿನ ರಚನೆಯನ್ನೂ ಕಂಡು, ಇದನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಬಂಧುವೆಂದು ವರ್ಗೀಕರಿಸಿದನು. ಆ ವರ್ಗೀಕರಣವು ತಪ್ಪೆಂದು ಮುಂದೆ ತಿಳಿದರೂ ಇಂಗ್ಲಿಷಿನಲ್ಲಿ ‘ಸ್ಲಾತ್ ಕರಡಿ’ ಎಂಬ ಹೆಸರು ಉಳಿದುಕೊಂಡಿತು. ಇದರ ಆಹಾರದಲ್ಲಿ ಗೆದ್ದಲು, ಇರುವೆಗಳಿಗೆ ಪ್ರಮುಖ ಸ್ಥಾನವಿದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ. ಹುತ್ತವನ್ನು ಉಗುರಿನಿಂದ ಒಡೆದು, ಮೊದಲು ಮಣ್ಣನ್ನು ಊದಿ ಚದುರಿಸಿ, ಅನಂತರ ಆ ಹಲ್ಲಿನ ಸಂದಿಯ ಮೂಲಕ ಗೆದ್ದಲನ್ನು ಹೀರಿಕೊಳ್ಳುತ್ತದೆ. ಧೂಳು ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲುದು. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಋತುವಿಗೆ ತಕ್ಕಂತೆ ಬೋರೆ, ನೇರಳೆ, ಕಕ್ಕೆಯ ಕಾಯಿ, ಜೇನು ಇದರ ಆಹಾರವಾಗುತ್ತವೆ.

ಸಂತಾನೋತ್ಪತ್ತಿಯಲ್ಲಿ ಇವೆರಡಕ್ಕೂ ಸಾಮ್ಯವಿದೆ. ಎರಡರಲ್ಲಿಯೂ ಫಲಿತಾಂಡವು ಕೂಡಲೇ ಗರ್ಭಕೋಶದ ಭಿತ್ತಿಗೆ ಅಂಟಿಕೊಳ್ಳದೆ ಕೆಲಕಾಲ ಸುಪ್ತವಾಗಿರುತ್ತದೆ. ಗರ್ಭಿಣಿಯಾದ ಹಿಮಕರಡಿಯು ಹಿಮದ ಗುಹೆಯನ್ನು ಸೇರಿ, ಚಳಿಗಾಲದಲ್ಲಿ ಸುಮಾರು 600 ಗ್ರಾಂ ತೂಗುವ ಮರಿಗಳನ್ನು ಈಯುತ್ತದೆ. ನಮ್ಮ ಕರಡಿಯು ಬಂಡೆಗಳ ಬಿರುಕಿನಲ್ಲಿಯೋ ನೆಲದ ಬಿಲದಲ್ಲಿಯೋ ಈಯುತ್ತದೆ; ಮರಿಗಳು ಹೊರಬಂದ ಮೇಲೆ ಹಲವು ತಿಂಗಳು ತಾಯಿಯ ಬೆನ್ನೇರಿ ಸಂಚರಿಸುತ್ತವೆ. ಇದಕ್ಕೆ ದೀರ್ಘ ಚಳಿಗಾಲದ ನಿದ್ರೆಯಿಲ್ಲ. ವರ್ಷವಿಡೀ ಆಹಾರ ದೊರೆಯುವ ನಾಡಿನಲ್ಲಿ ಅದರ ಅಗತ್ಯವೂ ಇಲ್ಲ.

ಇಂತಹ ವಿಶೇಷ ರಚನೆಯು ಪ್ರಾಣಿಗೆ ಬಲವೂ ಹೌದು, ಬಂಧನವೂ ಹೌದು. ಕೆನಡಾ ದೇಶದ ಹಡ್ಸನ್ ಕೊಲ್ಲಿಯಲ್ಲಿ ಬೇಸಿಗೆಗೆ ಹಿಮವು ಪೂರ್ಣವಾಗಿ ಕರಗುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಹಿಮರಹಿತ ಕಾಲವು ಲಂಬಿಸಿ, ಕರಡಿಗಳ ಉಪವಾಸವೂ ದೀರ್ಘವಾಗಿದೆ. ಕೊಲ್ಲಿಯ ಪಶ್ಚಿಮ ಭಾಗದಲ್ಲಿ 1987ರಲ್ಲಿ ಸುಮಾರು 1,200 ಇದ್ದ ಹಿಮಕರಡಿಗಳು 2021ರ ಅಂದಾಜಿನಲ್ಲಿ 618ಕ್ಕೆ ಇಳಿದಿವೆ. ನಮ್ಮ ಕರಡಿಗೆ ಹಿಮದ ಸ್ಥಾನದಲ್ಲಿರುವುದು ಬಂಡೆ, ಹುತ್ತ ಮತ್ತು ಹಣ್ಣಿನ ಪೊದೆ. ಹಗಲಿನ ಬಿಸಿಲಿನಿಂದ ರಕ್ಷಣೆ ನೀಡುವ ಬಂಡೆಗಳು ಕಲ್ಲುಗಣಿಗೆ ತುತ್ತಾಗಿ, ಪೊದೆಗಳು ಸೌದೆಯಾದರೆ, ಅದು ಹೊಲಗಳತ್ತ ಬರುತ್ತದೆ. ಅಕಸ್ಮಾತ್ ಎದುರಾದ ಮನುಷ್ಯನ ಮೇಲೆ ಎರಗುತ್ತದೆ. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವನ್ನು ಸ್ಥಾಪಿಸಿದುದರ ಮಹತ್ವವನ್ನು ಈ ದೃಷ್ಟಿಯಿಂದ ಅರಿಯಬೇಕು. ಅಲ್ಲಿ ರಕ್ಷಿತವಾಗಿರುವುದು ಕರಡಿ ಮಾತ್ರವಲ್ಲ, ಅದು ಬಾಳಬಲ್ಲ ಕುರುಚಲು ಕಾಡು ಮತ್ತು ಬಂಡೆಗುಡ್ಡ.

ಈ ತತ್ತ್ವವನ್ನು ಪರೀಕ್ಷಿಸಲು ಬೀದರಿನ ವಿದ್ಯಾರ್ಥಿಯು ದೂರ ಹೋಗಬೇಕಾಗಿಲ್ಲ. ಈ ಜಿಲ್ಲೆಯ ಬಯಲುಗಳಲ್ಲಿ ಕೃಷ್ಣಮೃಗಗಳಿವೆ. ದೂರದವರೆಗೆ ನೋಡುವ ಕಣ್ಣು, ವೇಗವಾಗಿ ಓಡುವ ಕಾಲು ಇವೆರಡೂ ಅವುಗಳಿಗೆ ತೆರೆದ ಹುಲ್ಲುಗಾವಲಿನಲ್ಲಿಯೇ ಪ್ರಯೋಜನಕಾರಿ. ಅಂತಹ ಬಯಲನ್ನು ‘ಬರಡು ಭೂಮಿ’ಯೆಂದು ಕರೆದು ದಟ್ಟವಾಗಿ ಮರ ನೆಟ್ಟರೆ, ಉದ್ದೇಶವು ಒಳ್ಳೆಯದಾಗಿದ್ದರೂ ಮೃಗಕ್ಕೆ ನೆಲೆ ತಪ್ಪುತ್ತದೆ. ಯಾವ ಪ್ರಾಣಿಯನ್ನು ಉಳಿಸಬೇಕಾದರೂ ಅದು ಏನನ್ನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಎಲ್ಲಿ ಮರಿ ಹಾಕುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರವನ್ನು ಕಂಡುಕೊಳ್ಳಬೇಕು. ಹಿಮದ ನಾಡಿಗೆ ಅನ್ವಯಿಸುವ ಈ ಮಾತು ಔರಾದ, ಭಾಲ್ಕಿಗಳ ಬಯಲಿಗೂ ಅಷ್ಟೇ ಅನ್ವಯಿಸುತ್ತದೆ.