ಷೇರುಪೇಟೆ: ದೊಡ್ಡವರ ಲೆಕ್ಕ, ಸಣ್ಣವರ ಹುರುಪು

ಸೊಲ್ಲಾಪುರ: ಪತಸಂಸ್ಥೆಯ ಠೇವಣಿ, ಭಿಶಿ, ತೊಲ ಬಂಗಾರ. ಗಡಿಭಾಗದ ಕನ್ನಡ ಮನೆಗಳಲ್ಲಿ ಉಳಿತಾಯ ಅಂದರೆ ಬಹುಕಾಲ ಇಷ್ಟೇ. ಈಗ ಅಕ್ಕಲಕೋಟ, ಜತ್ತದಂಥ ಊರುಗಳಲ್ಲೂ ಹುಡುಗರ ಮೊಬೈಲಿನೊಳಗೆ ಷೇರುಪೇಟೆ ಬಂದು ಕೂತಿದೆ. 'ದೊಡ್ಡ ಮಂದಿ ತಗೊಳ್ಳಾಕತ್ತಾರ, ನಾವೂ ತಗೊಳ್ಳೂಣು' ಎಂಬುದೇ ಹಲವರ ಲೆಕ್ಕಾಚಾರ. ಆದರೆ ದೊಡ್ಡವರು ಯಾವಾಗಲೂ ಸರಿ, ಸಣ್ಣವರು ಯಾವಾಗಲೂ ತಪ್ಪು ಎಂದು ಪೇಟೆಯ ಇತಿಹಾಸ ಹೇಳುವುದಿಲ್ಲ.

ನಾಡಿ ಹಿಡಿಯುವುದು ಹೇಗೆ?

ಅಮೆರಿಕದಲ್ಲಿ ಸಣ್ಣ ಹೂಡಿಕೆದಾರರ ಸಂಘವೊಂದು 1987ರಿಂದ ಪ್ರತಿ ವಾರ ತನ್ನ ಸದಸ್ಯರನ್ನು 'ಬರುವ ಆರು ತಿಂಗಳಲ್ಲಿ ಪೇಟೆ ಏರುತ್ತದೋ, ಇಳಿಯುತ್ತದೋ' ಎಂದು ಕೇಳುತ್ತ ಬಂದಿದೆ. ನಮ್ಮಲ್ಲಿ ಮಾತಿಗಿಂತ ವ್ಯವಹಾರ ನೋಡುವುದೇ ರೂಢಿ. ವಿದೇಶಿ ಮತ್ತು ದೇಶಿ ಸಂಸ್ಥೆಗಳು ಎಷ್ಟು ಕೊಂಡವು, ಎಷ್ಟು ಮಾರಿದವು ಎಂಬ ಲೆಕ್ಕ ಅಂದಂದಿನ ಸಂಜೆ ಹೊರಬೀಳುತ್ತದೆ. ಸಣ್ಣವರ ಮನಸ್ಸು ತಿಳಿಯಲು ಹೊಸ ಡಿಮ್ಯಾಟ್ ಖಾತೆ ಮತ್ತು ಎಸ್‌ಐಪಿ ಮೊತ್ತ ನೋಡಬೇಕು.

ಇಬ್ಬರೂ ಎಡವಿದರು

2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಷೇರಿಗೆ ಸಂಸ್ಥೆಗಳೂ ಜನಸಾಮಾನ್ಯರೂ ಒಟ್ಟಿಗೇ ಮುಗಿಬಿದ್ದರು. ಬೇಡಿಕೆ ಸುಮಾರು 73 ಪಟ್ಟು. ಸಣ್ಣವರಿಗೆ 430 ರೂಪಾಯಿಗೆ ಸಿಕ್ಕ ಷೇರು ಫೆಬ್ರುವರಿ 11ರಂದು, ಪೇಟೆಗೆ ಬಂದ ಮೊದಲ ದಿನವೇ, 372 ರೂಪಾಯಿ ಆಸುಪಾಸಿಗೆ ಕುಸಿಯಿತು. ಹುರುಪಿನಲ್ಲಿ ಪಂಡಿತ, ಪಾಮರ ಎಂಬ ಭೇದ ಉಳಿದಿರಲಿಲ್ಲ.

ಸಣ್ಣವರು ಗೆದ್ದರು

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಬಿದ್ದು 25,981ಕ್ಕೆ ಇಳಿಯಿತು. ಆ ತಿಂಗಳು ವಿದೇಶಿ ಸಂಸ್ಥೆಗಳು ಹಿಂತೆಗೆದ ಹಣ ಸುಮಾರು 62 ಸಾವಿರ ಕೋಟಿ ರೂಪಾಯಿ. ಅದೇ ಹೊತ್ತಿಗೆ ಮನೆಯಲ್ಲಿ ಕೂತ ಜನ ಖಾತೆ ತೆರೆಯತೊಡಗಿದರು. ಸುಮಾರು 4.1 ಕೋಟಿಯಿದ್ದ ಡಿಮ್ಯಾಟ್ ಖಾತೆಗಳು ಒಂದು ವರ್ಷದಲ್ಲಿ 5.5 ಕೋಟಿ ಮುಟ್ಟಿದವು. 2021ರ ಜನವರಿ 21ರಂದು ಸೆನ್ಸೆಕ್ಸ್ ಮೊದಲ ಬಾರಿಗೆ 50,000 ಕಂಡಿತು.

2024ರ ಅಕ್ಟೋಬರಿನಲ್ಲೂ ವಿದೇಶಿಯರು 94 ಸಾವಿರ ಕೋಟಿ ರೂಪಾಯಿಯಷ್ಟು ಮಾರಿದರು. ಅದೇ ತಿಂಗಳು ಎಸ್‌ಐಪಿ ಹಣ ಮೊದಲ ಸಲ 25 ಸಾವಿರ ಕೋಟಿ ದಾಟಿತು. ವಿದೇಶಿ ನಿಧಿ ಮಾರುವುದು ಕಂಪನಿ ಕೆಟ್ಟಿತೆಂದೇ ಅಲ್ಲ. ತನ್ನ ಗ್ರಾಹಕರು ಹಣ ವಾಪಸ್ ಕೇಳಿದರೂ, ಡಾಲರ್ ಬಲಗೊಂಡರೂ ಅದು ಮಾರಬೇಕಾಗುತ್ತದೆ. ಸ್ವಂತ ದುಡ್ಡು ಹಾಕಿದವನಿಗೆ ಆ ಗಡಿಬಿಡಿ ಇಲ್ಲ. 'ತಡಿ, ನೋಡೂಣು' ಅನ್ನುವ ಅವಕಾಶವೇ ಅವನ ಬಂಡವಾಳ.

ಸೋಲುವುದು ಎಲ್ಲಿ?

ಆ ತಾಳ್ಮೆ ಬಿಟ್ಟು ವಾಯದೆ ವ್ಯವಹಾರಕ್ಕೆ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದಾಗ ಕಥೆ ಬದಲಾಗುತ್ತದೆ. 2021-22ರಿಂದ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ವೈಯಕ್ತಿಕ ವ್ಯಾಪಾರಿಗಳ ಪೈಕಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ ಎಂದು ಸೆಬಿ 2024ರ ಸೆಪ್ಟೆಂಬರಿನಲ್ಲಿ ವರದಿ ಮಾಡಿತು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023-24ರಲ್ಲಿ ಇವರಲ್ಲಿ ಶೇ. 72ಕ್ಕಿಂತ ಹೆಚ್ಚಿನವರು ಮೊದಲ 30 ದೊಡ್ಡ ನಗರಗಳ ಹೊರಗಿನವರು. ಮುಕ್ಕಾಲು ಪಾಲು ಜನ ತೋರಿಸಿದ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ. ಅದೇ ವರ್ಷ ವಿದೇಶಿ ಸಂಸ್ಥೆಗಳು ಖರ್ಚು ಕಳೆಯುವ ಮುನ್ನ 28 ಸಾವಿರ ಕೋಟಿ ಗಳಿಸಿದವು. ಅದರ ಬಹುಪಾಲು ಕಂಪ್ಯೂಟರ್ ತಾನಾಗಿಯೇ ನಡೆಸಿದ ವಹಿವಾಟಿನದು. ಮೊಬೈಲಿನ ಬೆರಳು ಈ ಯಂತ್ರದ ಜೊತೆ ಓಟಕ್ಕೆ ನಿಲ್ಲುವುದು ಹೇಗೆ?

ಸೆಬಿ 2024ರ ನವೆಂಬರಿನಿಂದ ನಿಯಮ ಬಿಗಿ ಮಾಡಿತು. ಆದರೂ 2024-25ರಲ್ಲಿ ಸೋತವರ ಪ್ರಮಾಣ ಶೇ. 91ರಷ್ಟಿತ್ತು.

ಹಾಗಾಗಿ ದೊಡ್ಡವರು ಏನು ಮಾಡುತ್ತಾರೆ ಎಂಬುದಕ್ಕಿಂತ, ಹಾಕುವ ದುಡ್ಡು ಎಷ್ಟು ವರ್ಷ ಬೇಡ ಎಂಬ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು. ಮಗಳ ಮದುವೆಯ ಹಣ, ಬಿತ್ತನೆಯ ಹಣ ಪೇಟೆಗೆ ತರುವಂಥದ್ದಲ್ಲ. ಸಾಲದ ಹಣವಂತೂ ಬೇಡವೇ ಬೇಡ.