ತವರನ್ನೇ ನುಂಗಿದ ಪಟ್ಟಣ

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಮರಿಯಾ ತೆರೇಸಿಯಾ ಬೀದಿ ಹಿಡಿದು ದಕ್ಷಿಣಕ್ಕೆ ನಡೆದರೆ ಕಲ್ಲಿನ ವಿಜಯದ್ವಾರವೊಂದು ಎದುರಾಗುತ್ತದೆ. 1765ರಲ್ಲಿ ರಾಜಕುಮಾರ ಲಿಯೋಪೋಲ್ಡನ ಮದುವೆಗೆಂದು ಎತ್ತಿದ್ದು. ಮದುವೆಯ ಸಡಗರ ಮುಗಿಯುವ ಮೊದಲೇ ವರನ ತಂದೆ, ಚಕ್ರವರ್ತಿ ಫ್ರಾನ್ಸಿಸ್ ತೀರಿಕೊಂಡ. ಹಾಗಾಗಿ ದ್ವಾರದ ಒಂದು ಮೈಯಲ್ಲಿ ಮದುವೆ, ಇನ್ನೊಂದರಲ್ಲಿ ಸೂತಕ. ಪಟ್ಟಣಕ್ಕೆ ಕಾಣುವುದು ಸೂತಕದ ಮೈ. ಮದುವೆಯ ಮೈ ದಕ್ಷಿಣದ ವಿಲ್ಟನ್ ಕಡೆಗಿದೆ.

ವಿಲ್ಟನ್ ಈಗ ಒತ್ತೊತ್ತಾದ ಮನೆಸಾಲು, ಅಂಗಡಿ, ಟ್ರಾಮ್‌ಗಳ ಬಡಾವಣೆ. ಆದರೆ ವಯಸ್ಸಿನಲ್ಲಿ ಇನ್ಸ್‌ಬ್ರುಕ್‌ಗಿಂತ ಬಹಳ ಹಿರಿದು. ಬ್ರೆನರ್ ಕಣಿವೆಯ ದಾರಿ ಇಳಿದು ಬರುವ ಈ ತಾಣದಲ್ಲಿ ರೋಮನ್ನರ ವೆಲ್ಡಿಡೇನಾ ಇತ್ತು. ಆ ಹೆಸರೇ ನಾಲಗೆಯಿಂದ ನಾಲಗೆಗೆ ಸವೆದು ವಿಲ್ಟನ್ ಆಯಿತು. 1138ರಲ್ಲಿ ಬ್ರಿಕ್ಸನ್‌ನ ಬಿಷಪ್ ಇಲ್ಲಿನ ಮಠವನ್ನು ಪ್ರೆಮೊನ್‌ಸ್ಟ್ರಾಟೆನ್ಸಿಯನ್ ಪಂಗಡದ ಬಿಳಿ ನಿಲುವಂಗಿಯ ಸನ್ಯಾಸಿಗಳಿಗೆ ಒಪ್ಪಿಸಿದ. ಜನ ಹೇಳುವ ಕಥೆ ಬೇರೆ: ಹೈಮೋನ್ ಎಂಬ ದೈತ್ಯ ತಿರ್ಸಸ್ ಎಂಬ ಇನ್ನೊಬ್ಬ ದೈತ್ಯನನ್ನು ಕೊಂದು, ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮಠ ಕಟ್ಟಿದನಂತೆ. ಕೊಂದವ, ಸತ್ತವ ಇಬ್ಬರೂ ಮಠದ ಚರ್ಚಿನ ಬಾಗಿಲಲ್ಲಿ ಪ್ರತಿಮೆಗಳಾಗಿ ನಿಂತಿದ್ದಾರೆ.

ಇನ್ ನದಿಯ ಬಲದಂಡೆಯ ನೆಲ ಮಠದ್ದು. ಆಂಡೆಕ್ಸ್ ಮನೆತನದ ಕೌಂಟ್‌ನ ಸಂತೆ ಇದ್ದದ್ದು ಎಡದಂಡೆಯಲ್ಲಿ. ಬೆಟ್ಟದ ಬುಡದ ಆ ಇಕ್ಕಟ್ಟಿನಲ್ಲಿ ಬೆಳೆಯಲು ಜಾಗವೆಲ್ಲಿ? 1180ರಲ್ಲಿ ಅವನು ಮಠದೊಂದಿಗೆ ಒಪ್ಪಂದ ಮಾಡಿಕೊಂಡು ಸೇತುವೆಯ ಈಚೆಗಿನ ನೆಲ ಪಡೆದ. ಇನ್ಸ್‌ಬ್ರುಕ್ ಪೇಟೆ ಎದ್ದದ್ದು ಆ ನೆಲದ ಮೇಲೆ. ಸನ್ಯಾಸಿಗಳೇನು ವ್ಯವಹಾರ ತಿಳಿಯದವರಲ್ಲ: ನೆಲ ಬಿಟ್ಟುಕೊಟ್ಟರು, ಹೊಸ ಊರಿನ ಧರ್ಮಾಧಿಕಾರ ಬಿಡಲಿಲ್ಲ. ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಯಾವ ಚರ್ಚಿನ ಲೆಕ್ಕಕ್ಕೆ ಸೇರಬೇಕೆಂಬುದನ್ನು ಗೊತ್ತುಮಾಡುವುದು ಧರ್ಮಕೇಂದ್ರ. ಇನ್ಸ್‌ಬ್ರುಕ್‌ನ ಧರ್ಮಕೇಂದ್ರ ವಿಲ್ಟನ್. ಮ್ಯಾಕ್ಸಿಮಿಲಿಯನ್ ದೊರೆ 1500ರ ಸುಮಾರಿಗೆ ಪೇಟೆಯ ನಡುವೆ ಚಿನ್ನದ ಸೂರು ಹೊದಿಸಿ ಮೆರೆಯುತ್ತಿದ್ದಾಗಲೂ ಪೇಟೆಯ ಸಂತ ಯಾಕೋಬರ ಚರ್ಚು ಹಳ್ಳಿಯ ಕೈಕೆಳಗೇ ಇತ್ತು! ಅದು ಸ್ವತಂತ್ರ ಧರ್ಮಕೇಂದ್ರವಾದದ್ದು 1643ರಲ್ಲಿ, ಒಪ್ಪಂದವಾಗಿ 463 ವರ್ಷಗಳ ಮೇಲೆ.

ಹಳ್ಳಿಯ ಚಹರೆ ಬದಲಾಯಿಸಿದ್ದು ರೈಲು. 1858ರಲ್ಲಿ ಕುಫ್‌ಸ್ಟೈನ್ ಕಡೆಯಿಂದ, 1867ರಲ್ಲಿ ಬ್ರೆನರ್ ಮೇಲಿಂದ, 1884ರಲ್ಲಿ ಆರ್ಲ್‌ಬರ್ಗ್ ಸುರಂಗದ ಮೂಲಕ ಹಳಿಗಳು ಬಂದು ಕೂಡಿದವು. ವಿಜಯದ್ವಾರದ ಆಚೆಗಿನ ಸಮತಟ್ಟು ಹೊಲಗಳ ಮೇಲೆ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದವು. 1891ರಲ್ಲಿ ವಿಲ್ಟನ್‌ನಿಂದ ಪೇಟೆ ಹಾಯ್ದು ಹಾಲ್ ಪಟ್ಟಣದವರೆಗೆ ಉಗಿ ಟ್ರಾಮ್ ಓಡಿತು. ಎಲ್ಲಿ ಪೇಟೆ ಮುಗಿದು ಎಲ್ಲಿ ಹಳ್ಳಿ ಶುರುವಾಗುತ್ತದೆಂದು ಹೇಳುವುದೇ ಕಷ್ಟವಾದ ಮೇಲೆ 1904ರಲ್ಲಿ ವಿಲ್ಟನ್ ಇನ್ಸ್‌ಬ್ರುಕ್‌ಗೆ ಸೇರಿತು. ಕಾಗದದಲ್ಲಷ್ಟೇ ಉಳಿದಿದ್ದ ಗಡಿ ಅದು.

ಮಠಕ್ಕೆ ಇದಕ್ಕಿಂತ ಕಠಿಣ ದಿನಗಳು ಬಂದು ಹೋಗಿವೆ. 1807ರಲ್ಲಿ ಬವೇರಿಯಾದ ಆಡಳಿತ ಅದನ್ನು ಮುಚ್ಚಿಸಿತ್ತು, 1939ರಲ್ಲಿ ನಾಜಿಗಳು ಮುಚ್ಚಿಸಿದರು. ಆಮೇಲೆ ಬಾಂಬು ಬಿತ್ತು. ಯುದ್ಧ ಮುಗಿದ ಮೇಲೆ ಸನ್ಯಾಸಿಗಳು ಮರಳಿ ಬಂದರು.

1836ರಲ್ಲಿ ಇಲ್ಲಿಗೆ ವಲಸೆ ಬಂದ ಗ್ರಾಸ್‌ಮಯರ್ ಮನೆತನ ಇಂದಿಗೂ ಇದೇ ಬಡಾವಣೆಯಲ್ಲಿ ಗಂಟೆ ಎರಕ ಹೊಯ್ಯುತ್ತಿದೆ. ಮಠದ ಎದುರಿನ ಹಳದಿ ಬಣ್ಣದ ಬೆಸಿಲಿಕಾವನ್ನು 1750ರ ದಶಕದಲ್ಲಿ ರೊಕೊಕೊ ಶೈಲಿಯಲ್ಲಿ ಮರುರೂಪಿಸಿದವನು ಫ್ರಾನ್ಸ್ ಡಿ ಪೌಲಾ ಪೆಂಟ್ಸ್ ಎಂಬ ಪಾದ್ರಿ. ವಿಲ್ಟನ್‌ನ ಧರ್ಮಕೇಂದ್ರದ ಚರ್ಚು ಈಗಲೂ ಅದೇ.