ಹಳ್ಳದ ಮೀನಿಗೆ ತೋಟದಿಂದ ಒದಗುವ ಅಪಾಯ

ಶಿರಸಿ ತಾಲ್ಲೂಕಿನ ಭೈರುಂಬೆ, ಹುಳಗೋಳ ಭಾಗದ ಅಡಿಕೆ ತೋಟಗಳು ಹೆಚ್ಚಾಗಿ ಎರಡು ಗುಡ್ಡಗಳ ನಡುವಿನ ಕಣಿವೆಗಳಲ್ಲಿವೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ತೋಟದ ಅಂಚಿನಲ್ಲಿ ಹಳ್ಳ. ತೋಟದ ಕಾದಿಗೆಗಳಲ್ಲಿ ಬಸಿದ ನೀರು ಹಳ್ಳವನ್ನೂ, ಹಳ್ಳದ ನೀರು ಸಹಸ್ರಲಿಂಗದ ಬಳಿ ಹರಿಯುವ ಶಾಲ್ಮಲೆಯನ್ನೂ ಸೇರುತ್ತದೆ. ಶಾಲ್ಮಲೆ ಬೇಡ್ತಿಯಲ್ಲಿ ಬೆರೆತು, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಆದುದರಿಂದ ತೋಟದಲ್ಲಿ ಬಳಸಿದ ಪ್ರತಿಯೊಂದು ಔಷಧಿಯ ಸ್ವಲ್ಪ ಪಾಲಾದರೂ ಹಳ್ಳವನ್ನು ಮುಟ್ಟುತ್ತದೆ. ಮನೆಯ ಹಿಂದಿನ ಹೊಂಡದಲ್ಲಿ ಬಿಟ್ಟ ಮೀನು ಕೂಡ ದೊಡ್ಡ ಮಳೆಯಲ್ಲಿ ಹೊಂಡ ತುಂಬಿ ಹರಿದಾಗ ಅದೇ ದಾರಿ ಹಿಡಿಯುತ್ತದೆ.

ಶಾಲ್ಮಲೆಯ ದಂಡೆಯ ಕಾಡನ್ನು ರಾಜ್ಯ ಸರ್ಕಾರವು 2012ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇದರಿಂದ ಹೊಳೆಯಂಚಿನ ಮರಗಳಿಗೆ ರಕ್ಷಣೆ ದೊರೆಯಿತು. ಆದರೆ ಹೊಳೆಗೆ ಬರುವ ನೀರು ಎಂಥದೆಂಬುದು ಮೇಲಿನ ನೂರಾರು ತೋಟಗಳ ಮಾಲೀಕರ ಕೈಯಲ್ಲಿದೆ.

ಊರಿನ ಮೀನುಗಳು

ಈ ಹಳ್ಳಗಳಲ್ಲಿ ಕೊರವ, ಮುರುಗೋಡು, ಚೇಳುಮೀನು, ಹಾವುಮೀನುಗಳು ಎಲ್ಲರಿಗೂ ಪರಿಚಿತ. ಇವುಗಳ ಜೊತೆಗೆ ಬೆರಳುದ್ದದ ಹಲವು ಜಾತಿಗಳಿವೆ. ಕೆಲವು ಬಂಡೆಗೆ ಅಂಟಿಕೊಂಡು ಪಾಚಿ ಮೇಯುತ್ತವೆ. ಕೆಲವು ಮರಳಿನಲ್ಲಿ ಹುದುಗಿರುತ್ತವೆ. ಪಶ್ಚಿಮ ಘಟ್ಟದ ಇಂಥ ಸಣ್ಣ ಮೀನುಗಳಲ್ಲಿ ಅನೇಕವು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಪಕ್ಕದ ಶರಾವತಿ ಜಲಾನಯನದಲ್ಲಿ ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದಿದ್ದ ಒಂದು ಮೀನನ್ನು 2004ರಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಹೆಸರಿಸಲಾಯಿತು. 2006ರಲ್ಲಿ ಹೆಸರು ಪಡೆದ ಇನ್ನೊಂದು ಮೀನು ಸ್ಕಿಸ್ಟುರಾ ನಾಗೋಡಿಯೆನ್ಸಿಸ್. ಹೊಸನಗರ ತಾಲ್ಲೂಕಿನ ನಾಗೋಡಿ ಎಂಬ ಹಳ್ಳಿಯ ಹೆಸರು ಹೀಗೆ ಮೀನಿನ ಹೆಸರಿನಲ್ಲಿ ನಿಂತಿದೆ. ಯಾರೂ ಹುಡುಕದ ಹಳ್ಳಗಳಲ್ಲಿ ಏನೇನಿವೆಯೋ ಎಂಬುದನ್ನು ಇದರಿಂದ ಊಹಿಸಬಹುದು. ಶರಾವತಿಯ ಅಧ್ಯಯನದಿಂದಲೇ ತಿಳಿದುಬಂದ ಮತ್ತೊಂದು ವಿಷಯವೆಂದರೆ, ಸುತ್ತಲಿನ ನಿತ್ಯಹರಿದ್ವರ್ಣ ಕಾಡು ದಟ್ಟವಾಗಿದ್ದಷ್ಟೂ ಆ ಹಳ್ಳದಲ್ಲಿ ಘಟ್ಟಕ್ಕೇ ಸೀಮಿತವಾದ ಮೀನಿನ ಜಾತಿಗಳು ಹೆಚ್ಚು. ನೆರಳು, ತಂಪು ಮತ್ತು ಎಲೆಗೊಬ್ಬರವನ್ನು ಆಶ್ರಯಿಸಿದ ಹುಳುಗಳೇ ಇವುಗಳ ಬದುಕು.

ಮೀನು ತಿನ್ನದ ಮನೆಗಳೇ ಈ ಭಾಗದ ತೋಟಗಾರರಲ್ಲಿ ಹೆಚ್ಚು. ಹಾಗಾಗಿ ಮೀನಿನ ವಿಷಯ ತಮಗೇಕೆ ಎಂದು ಕೆಲವರು ಕೇಳುವುದುಂಟು. ಕಾದಿಗೆಯ ನಿಂತ ನೀರಿನ ಮೇಲ್ಭಾಗದಲ್ಲಿ, ನೆತ್ತಿಯ ಮೇಲೆ ಹೊಳೆಯುವ ಬಿಳಿ ಚುಕ್ಕೆಯಿರುವ ಪುಟ್ಟ ಮೀನೊಂದನ್ನು ತೋಟದವರೆಲ್ಲ ನೋಡಿಯೇ ಇರುತ್ತಾರೆ. ಇದರ ಮುಖ್ಯ ಆಹಾರಗಳಲ್ಲಿ ಸೊಳ್ಳೆಯ ಮರಿ ಒಂದು. ಮತ್ತೊಂದು ಮಾತು: ಹಳ್ಳದ ನೀರನ್ನೇ ಪೈಪಿನಲ್ಲಿ ಮನೆಗೆ ತಂದುಕೊಳ್ಳುವವರು ಇಲ್ಲಿ ಬಹಳ. ಮೀನು ಸಾಯುವ ನೀರನ್ನು ಮನೆಯ ಬಳಕೆಗೆ ಯಾರೂ ಇಷ್ಟಪಡಲಾರರು.

ಬೋರ್ಡೊ ದ್ರಾವಣ

ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಸಿಂಪರಣೆಯನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಡಾ. ಲೆಸ್ಲಿ ಕೋಲ್ಮನ್. 1910ರ ಸುಮಾರಿನಲ್ಲಿ ಆರಂಭವಾದ ಈ ಕ್ರಮ ಇಂದಿಗೂ ಅಡಿಕೆ ಬೆಳೆಯನ್ನು ಉಳಿಸುತ್ತಿದೆ. ಇದನ್ನು ಬಿಡಿರೆಂದು ಯಾವ ಬೆಳೆಗಾರನಿಗೂ ಹೇಳುವಂತಿಲ್ಲ. ಹೇಳಬೇಕಾದುದು ಅದನ್ನು ತಯಾರಿಸುವ ಜಾಗ ಮತ್ತು ತೊಳೆಯುವ ಕ್ರಮದ ಬಗ್ಗೆ.

ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪರಣೆ, ಅದಾದ 40-45 ದಿನಗಳಿಗೆ ಎರಡನೆಯದು. ಮೊದಲ ಸಿಂಪರಣೆ ಮುಗಿಯುತ್ತಿದ್ದಂತೆ ಮಳೆ ಬಿದ್ದು ಹಳ್ಳ ಕೆಂಪಾಗುತ್ತದೆ. ಅದೇ ವಾರಗಳಲ್ಲಿ ಹೊಳೆಯ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಹಳ್ಳ ಹತ್ತಿ, ಗದ್ದೆ ಮತ್ತು ಕಾದಿಗೆಗಳವರೆಗೂ ಬರುತ್ತವೆ. ಮಲೆನಾಡಿನಲ್ಲಿ ಇವನ್ನೇ ಹತ್ತುಮೀನು ಎನ್ನುವುದು. ನಮ್ಮ ಬಹುಪಾಲು ಹಳ್ಳದ ಮೀನುಗಳಿಗೆ ವರ್ಷಕ್ಕೆ ಸಿಗುವ ಮುಖ್ಯ ಅವಕಾಶ ಇದೊಂದೇ. ಹೀಗೆ ಔಷಧಿ ಹಳ್ಳಕ್ಕೆ ಇಳಿಯುವ ಕಾಲವೂ ಮೀನು ಹತ್ತುವ ಕಾಲವೂ ಒಂದೇ ಆಗಿಬಿಟ್ಟಿದೆ.

ಶೇಕಡ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ತಾಮ್ರ ಮೀನಿನ ಕಿವಿರಿಗೆ ತಾಗಿದರೆ ರಕ್ತದ ಉಪ್ಪಿನಂಶದ ಸಮತೋಲ ಕೆಟ್ಟು ಮೀನು ಸಾಯುತ್ತದೆ. ಸಾಯದಷ್ಟು ಕಡಿಮೆ ಪ್ರಮಾಣದಲ್ಲಿಯೂ ವಾಸನೆ ಗ್ರಹಿಸುವ ಶಕ್ತಿ ಕುಂದುತ್ತದೆ. ಆಹಾರವನ್ನೂ ಶತ್ರುವನ್ನೂ ವಾಸನೆಯಿಂದ ಗುರುತಿಸುವ ಪ್ರಾಣಿಗೆ ಇದು ಕುರುಡಿದ್ದಂತೆಯೇ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ತಾಮ್ರದ ವಿಷ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಜಂಬಿಟ್ಟಿಗೆಯ ಗುಡ್ಡಗಳಿಂದ ಇಳಿಯುವ ಮಳೆಗಾಲದ ಹಳ್ಳದ ನೀರು ಬಹಳ ಮೆದು. ಇಂಥ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ತಾಮ್ರವೂ ಸೂಕ್ಷ್ಮ ಜಾತಿಗಳ ಮರಿಗಳನ್ನು ಕೊಲ್ಲಬಲ್ಲದು. ಬಂಡೆಯ ಪಾಚಿಯೂ ನೀರಿನ ಹುಳುಗಳೂ ಸಾಯುವುದರಿಂದ ಬದುಕಿ ಉಳಿದ ಮೀನಿಗೆ ಮೇವು ಇಲ್ಲವಾಗುತ್ತದೆ.

ಒಂದು ಲೆಕ್ಕ ನೋಡಬಹುದು. ಮೈಲುತುತ್ತ ಕರಗಿಸಿದ ಡ್ರಮ್ಮಿನ ತಳದಲ್ಲಿ 100 ಗ್ರಾಂ ಉಳಿದಿದ್ದು, ಅದನ್ನು ಹಳ್ಳದಲ್ಲಿ ತೊಳೆದರೆಂದು ಭಾವಿಸೋಣ. ಅದರಲ್ಲಿನ ತಾಮ್ರ 25 ಗ್ರಾಂ. ಇದನ್ನು ಲೀಟರಿಗೆ 0.05 ಮಿಲಿಗ್ರಾಮಿನ ಮಟ್ಟಕ್ಕೆ ಇಳಿಸಲು 5 ಲಕ್ಷ ಲೀಟರ್ ನೀರು ಬೇಕು. ಅಂದರೆ 20 ಮೀಟರ್ ಉದ್ದ, 12.5 ಮೀಟರ್ ಅಗಲ, 2 ಮೀಟರ್ ಆಳದ ಕೆರೆ ತುಂಬ ನೀರು. ಒಂದು ಡ್ರಮ್ಮಿನ ಮಾತು ಇದು.

ಸರಿಯಾಗಿ ತಯಾರಿಸಿದ ದ್ರಾವಣದಲ್ಲಿ ತಾಮ್ರವು ಸುಣ್ಣದೊಡನೆ ಸೇರಿ ಕರಗದ ರೂಪದಲ್ಲಿರುತ್ತದೆ. ಅದರಿಂದ ಮೀನಿಗೆ ಅಪಾಯ ಬಹಳ ಕಡಿಮೆ. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತಾಮ್ರ ಕರಗಿದ ರೂಪದಲ್ಲಿಯೇ ಉಳಿದು, ಎಳೆಯ ಕಾಯಿಗೂ ಸುಡುವಿಕೆ ತರುತ್ತದೆ, ಹಳ್ಳಕ್ಕೂ ವಿಷವಾಗುತ್ತದೆ. ಪರೀಕ್ಷೆ ಸುಲಭ. ಉಜ್ಜಿ ಹೊಳಪು ಮಾಡಿದ ಚಾಕು ಅಥವಾ ಬ್ಲೇಡನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅದರ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣದ ತಿಳಿಯನ್ನು ಇನ್ನಷ್ಟು ಸೇರಿಸಿ, ಲೇಪ ಬಾರದವರೆಗೆ ಪರೀಕ್ಷಿಸಬೇಕು. ಇದು ಎಲ್ಲರಿಗೂ ತಿಳಿದದ್ದೇ. ಆದರೆ ಮೋಡ ಕವಿದ ದಿನ, ಕೊನೆಗೌಡ ಮರ ಹತ್ತಲು ಸಿದ್ಧನಾಗಿ ನಿಂತಿರುವಾಗ, ಈ ಒಂದು ನಿಮಿಷವನ್ನೇ ಉಳಿಸಹೋಗುವವರು ಹೆಚ್ಚು.

ಡ್ರಮ್ಮುಗಳನ್ನು ಹಳ್ಳದ ದಂಡೆಯಲ್ಲಿ ಇಡುವುದು ನೀರು ಹೊರುವ ಶ್ರಮ ತಪ್ಪಿಸಲು. ಈಗ ಪೈಪು, ಪಂಪುಗಳು ಇರುವುದರಿಂದ ಆ ಕಾರಣ ಉಳಿದಿಲ್ಲ. ಕಾದಿಗೆಗೂ ಹಳ್ಳಕ್ಕೂ ದೂರವಾದ ಎತ್ತರದ ಜಾಗದಲ್ಲಿ ದ್ರಾವಣ ತಯಾರಿಸಬೇಕು. ಡ್ರಮ್ಮು ತೊಳೆದ ನೀರನ್ನು ಮುಂದಿನ ದ್ರಾವಣಕ್ಕೆ ಬಳಸಬೇಕು. ಕೊನೆಯ ದಿನದ ತೊಳೆದ ನೀರಿಗೆ ಸುಣ್ಣ ಬೆರೆಸಿ ಗುಂಡಿಗೆ ಹಾಕಬೇಕು. ದಿನಕ್ಕೆ ಬೇಕಾದಷ್ಟನ್ನೇ ತಯಾರಿಸಿದರೆ ಚೆಲ್ಲುವ ಪ್ರಶ್ನೆಯೇ ಬಾರದು. ದಟ್ಟ ಮಳೆ ಬರುವ ಸೂಚನೆಯಿದ್ದಾಗ ಸಿಂಪರಣೆ ಮಾಡಿದರೆ ಕಾಯಿಗೆ ಅಂಟುವ ಮೊದಲೇ ಔಷಧಿ ತೊಳೆದುಹೋಗುತ್ತದೆ. ಅದು ಹಣಕ್ಕೂ ನಷ್ಟ.

ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹೆಚ್ಚಿದ ಮೇಲೆ ಪ್ರೊಪಿಕೊನಜೋಲ್‌ನಂಥ ಔಷಧಿಗಳ ಬಳಕೆಯೂ ಸೇರಿಕೊಂಡಿದೆ. ಇದೂ ಜಲಚರಗಳಿಗೆ ವಿಷಕಾರಿ. ಬನವಾಸಿ ಕಡೆಯ ಶುಂಠಿ ಮತ್ತು ಭತ್ತದ ಹೊಲಗಳಿಗೆ ಹೊಡೆಯುವ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ. ಎಂಡೋಸಲ್ಫಾನ್ ಅನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಹಳೆಯ ಡಬ್ಬಿ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ಹಳ್ಳಕ್ಕೆ ಸುರಿಯುವುದು ಅಪರಾಧಕ್ಕಿಂತ ಕಡಿಮೆಯಲ್ಲ.

ಚೊಗರು

ಕೊಯ್ಲಿನ ಕಾಲಕ್ಕೆ ಮತ್ತೊಂದು ತೊಂದರೆ. ಅಡಿಕೆ ಬೇಯಿಸಿದ ಚೊಗರನ್ನು ಮುಂದಿನ ಹಂಡೆಗೆ ಬಣ್ಣಕ್ಕಾಗಿ ಬಳಸುವುದು ವಾಡಿಕೆ. ಕೊನೆಗೆ ಉಳಿದುದನ್ನು ಕೆಲವರು ಹಳ್ಳಕ್ಕೆ ಬಿಡುತ್ತಾರೆ. ಆ ವೇಳೆಗೆ ಹಳ್ಳ ಸಣ್ಣಗಾಗಿ, ಮೀನುಗಳೆಲ್ಲ ಗುಂಡಿಗಳಲ್ಲಿ ಒಟ್ಟಾಗಿರುತ್ತವೆ. ಒಗರು ತುಂಬಿದ ಚೊಗರು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾರಣ ಇದೇ ಇರಬಹುದು.

ಅದೇ ಬೇಸಿಗೆ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ, ಮೈಲುತುತ್ತ ಹಾಕಿ ಮೀನು ಹಿಡಿಯುವವರೂ ಇದ್ದಾರೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು. ಆದರೆ ಈಗಿನ ರಾಸಾಯನಿಕ ಹಾಕಿದರೆ ಮರಿ, ಮೊಟ್ಟೆ, ಏಡಿ, ಕಪ್ಪೆ ಯಾವುದೂ ಉಳಿಯುವುದಿಲ್ಲ. ವಿಷ ಅಥವಾ ಸಿಡಿಮದ್ದಿನಿಂದ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಶಿಕ್ಷಾರ್ಹ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದವರು ಕಾಪಾಡಿಕೊಂಡು ಬಂದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತವು. ಅಲ್ಲಿ ಈಗ ಆ ಮೀನುಗಳ ಸ್ಮಾರಕವಿದೆ.

ಹೊರಗಿನಿಂದ ಬಂದವು

ಕೃಷಿ ಹೊಂಡಗಳು ಹೆಚ್ಚಿದ ಮೇಲೆ ಮೀನು ಸಾಕಣೆಯ ಆಸಕ್ತಿಯೂ ಹೆಚ್ಚಿದೆ. ಇದು ಒಳ್ಳೆಯದೇ. ಆದರೆ ಯಾವ ಮೀನು ಎಂಬುದು ಮುಖ್ಯ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಇಂದು ನಾಡಿನ ಬಹುತೇಕ ಕೆರೆಗಳಲ್ಲಿದೆ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಮರಿ ಮಾಡುತ್ತದೆ. ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ. ಆಮ್ಲಜನಕ ಕಡಿಮೆಯಿರುವ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಮುಂಗಾರಿನ ಒಂದು ಅವಕಾಶವನ್ನೇ ನಂಬಿದ ಹಳ್ಳದ ಮೀನು ಇದರೊಡನೆ ಸ್ಪರ್ಧಿಸಲಾರದು. ನೀರು ಕೆಟ್ಟಷ್ಟೂ ಜಿಲೇಬಿಗೆ ಅನುಕೂಲ ಎಂಬುದನ್ನು ಗಮನಿಸಬೇಕು. ಮಾಲಿನ್ಯವೂ ಪರದೇಶದ ಮೀನೂ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ.

ಆಫ್ರಿಕನ್ ಕ್ಯಾಟ್‌ಫಿಶ್ ಇದಕ್ಕಿಂತ ಅಪಾಯಕಾರಿ. ನಮ್ಮ ಮುರುಗೋಡಿನ ಹಾಗೆಯೇ ಮೀಸೆಯಿದ್ದು, ಗಾಳಿಯನ್ನು ಉಸಿರಾಡಿ ಒದ್ದೆ ನೆಲದ ಮೇಲೆ ತೆವಳಬಲ್ಲದು. ಆದರೆ ಬಹಳ ದೊಡ್ಡದಾಗಿ ಬೆಳೆದು ಸಿಕ್ಕಿದ ಮೀನು, ಕಪ್ಪೆಗಳನ್ನೆಲ್ಲ ತಿನ್ನುತ್ತದೆ. ಇದರ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ. ಮಾರಾಟಗಾರ ಬೇರೆ ಹೆಸರಿನಿಂದ ಮರಿ ತಂದರೂ ಕೊಳ್ಳಬಾರದು. ಮೀನು ಮರಿಗಳನ್ನು ಮೀನುಗಾರಿಕೆ ಇಲಾಖೆಯ ಕೇಂದ್ರದಿಂದಲೇ ತರುವುದು ಕ್ಷೇಮ.

ಸೊಳ್ಳೆ ನಿಯಂತ್ರಣಕ್ಕೆ ಬಿಡುವ ಗಪ್ಪಿ, ಗಾಂಬೂಸಿಯಾಗಳೂ ಅಮೆರಿಕ ಖಂಡದವು. ಮುಚ್ಚಿದ ತೊಟ್ಟಿಯಲ್ಲಿ ಅವುಗಳ ಉಪಯೋಗವಿದೆ. ಕಾದಿಗೆ ಮತ್ತು ಹಳ್ಳಗಳಿಗೆ ಬಿಡಬಾರದು. ಗಾಂಬೂಸಿಯಾ ಇತರ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಕಾದಿಗೆಯಲ್ಲಿ ಆ ಕೆಲಸಕ್ಕೆ ನೆತ್ತಿ ಚುಕ್ಕೆಯ ಮೀನು ಮೊದಲೇ ಇದೆ.

ಹೊರಗಿನದು ಎಂದರೆ ಹೊರದೇಶದ್ದೇ ಆಗಬೇಕಿಲ್ಲ. ಕಾವೇರಿಯಲ್ಲಿ ಬೆನ್ನು ಗೂನಿನ ಮಹಶೀರ್ ಎಂಬ ಭಾರಿ ಮೀನಿತ್ತು. ಮಹಶೀರ್ ಕಡಿಮೆಯಾಗುತ್ತಿದೆಯೆಂದು ಸದುದ್ದೇಶದಿಂದಲೇ, ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ನೀಲಿ ರೆಕ್ಕೆಯದು ಹೆಚ್ಚಿತು, ಗೂನು ಬೆನ್ನಿನದು ಕ್ಷೀಣಿಸಿತು. ಅದು ಟೋರ್ ರೇಮಾದೇವಿ ಎಂಬ ಪ್ರತ್ಯೇಕ ಜಾತಿಯೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಕಾಟ್ಲಾ, ರೋಹು, ಮೃಗಾಲ್‌ಗಳು ಭಾರತದವೇ ಆದರೂ ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳವಲ್ಲ. ಹೊಂಡದಲ್ಲಿ ಸಾಕಲು ಅಡ್ಡಿಯಿಲ್ಲ. ಹೊಂಡದ ಬದುವನ್ನು ಪ್ರವಾಹದ ಮಟ್ಟಕ್ಕಿಂತ ಎತ್ತರಿಸಿ, ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಮಳೆಗಾಲದಲ್ಲಿ ಬಲೆಗೆ ಎಲೆ ಕಟ್ಟಿಕೊಂಡು ನೀರು ಬದು ಮೀರುವುದರಿಂದ ದಿನವೂ ಎಲೆ ತೆಗೆಯಬೇಕು.

ಹತ್ತುಮೀನು ಬರುವ ವಾರಗಳಲ್ಲಿ ಹಳ್ಳಕ್ಕೆ ಪೂರ್ತಿ ಅಡ್ಡ ಕಟ್ಟಿ ಕೂಣಿ ಇಡುವುದನ್ನು ಊರವರೇ ಕೂಡಿ ತಡೆಯಬಹುದು. ಅರ್ಧ ಹಳ್ಳ ತೆರೆದಿಟ್ಟರೂ ಬಸುರಿ ಮೀನುಗಳಲ್ಲಿ ಒಂದು ಪಾಲು ಮೇಲೇರುತ್ತದೆ.

ಹಳ್ಳದಲ್ಲಿ ಮೀನು ಸತ್ತು ತೇಲುವುದು ಕಂಡರೆ ತಡ ಮಾಡಬಾರದು. ತೊಳೆದ ಬಾಟಲಿಯೊಂದರಲ್ಲಿ ಸತ್ತ ಮೀನಿರುವ ಸ್ಥಳದ ನೀರನ್ನೂ, ಇನ್ನೊಂದರಲ್ಲಿ ಅದಕ್ಕಿಂತ ಮೇಲಿನ, ಮೀನು ಬದುಕಿರುವ ಸ್ಥಳದ ನೀರನ್ನೂ ತುಂಬಿ, ಸ್ಥಳ ಮತ್ತು ಸಮಯ ಬರೆದಿಡಬೇಕು. ನಾಲ್ಕಾರು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅದೇ ದಿನ ತಲುಪಿಸಬೇಕು. ಮರುದಿನ ಹೋದರೆ ವಿಷ ಬೆರೆತ ನೀರು ಬೇಡ್ತಿಯ ಕಡೆಗೆ ಹರಿದುಹೋಗಿರುತ್ತದೆ.